ಸಿಮೆಂಟಿನ ವೈನಿಯನ್ನು ಕಾಣಲು ನಾಲ್ಕು ಗಾಲಿಯ ಮೇಲೆ

ಸಂಕ್ರಾಂತಿ ಕಳೆದ ವಾರದ ಒಂದು ಬೆಳಿಗ್ಗೆ, ಚಳಿ ಇನ್ನೂ ಹರಿಯದ ಹೊತ್ತಿನಲ್ಲಿ, ನಾನು ರಾಣೆಬೆನ್ನೂರಿನಲ್ಲಿ ಬ್ಯಾಡಗಿಯ ಬಸ್ಸು ಹತ್ತಿದೆ. ಹೆಂಗಸರಿಗೆ ಪ್ರಯಾಣ ಉಚಿತವಾದುದರಿಂದ ಕಂಡಕ್ಟರು ಕೊಟ್ಟ ಟಿಕೀಟಿನಲ್ಲಿ ದರದ ಜಾಗದಲ್ಲಿ ಸೊನ್ನೆ ಇತ್ತು. ತೊಡೆಯ ಮೇಲೆ ಬುತ್ತಿಯ ಚೀಲವಿತ್ತು. ಅದರಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನನ್ನ ಅಣ್ಣನ ಹೆಂಡತಿ ಪಾರ್ವತೆವ್ವ ವೈನಿಯನ್ನು ಹಾವೇರಿಯ ಆಚೆ ಹೆದ್ದಾರಿಯ ಬದಿಗಿರುವ ಶಿಲ್ಪ ಉದ್ಯಾನಕ್ಕೆ ಕರೆದೊಯ್ಯಲು ಹೊರಟಿದ್ದೆ. ‘ಕರೆದೊಯ್ಯುವುದು’ ಎಂಬ ಕ್ರಿಯಾಪದವನ್ನು ವೈನಿ ಒಪ್ಪುತ್ತಿರಲಿಲ್ಲ. ಹಿಂದಿನ ದಿನ ಫೋನಿನಲ್ಲಿ ಅವರು ಅದನ್ನು ತಿದ್ದಿದ್ದರು: “ನೀ ನನ್ನ ಕರಕೊಂಡು ಹೋಗೂದು ಬ್ಯಾಡ ಸುಮಿತ್ರಾ. ನಾ ಹೋಗತೇನಿ. ನೀ ಸಂಗಾಟ ಬಾ.”

ವೈನಿಗೆ ಅರವತ್ತು ದಾಟಿದೆ. ಮದುವೆಯಾಗಿ ಬ್ಯಾಡಗಿಗೆ ಬಂದಂದಿನಿಂದ ಮನೆಯ ವ್ಯಾಪಾರದ ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತು, ಆಳುಗಳ ಜೊತೆಯಲ್ಲಿಯೇ ತೊಟ್ಟು ಬಿಡಿಸಿದವರು. ಈಗ ಎರಡೂ ಮೊಣಕಾಲುಗಳು ಸವೆದು, ಅಂಗಳ ದಾಟುವುದಕ್ಕೂ ಗೋಡೆ ಹಿಡಿಯಬೇಕು. ಆ ಉದ್ಯಾನವನ್ನು ಕಟ್ಟುತ್ತಿದ್ದ ಕಾಲದಲ್ಲಿ ಶಿಲ್ಪಿಗಳು ಬ್ಯಾಡಗಿಗೆ ಬಂದು, ತೊಟ್ಟು ಬಿಡಿಸುವ ಹೆಂಗಸರ ದೃಶ್ಯವನ್ನು ಮಾಡುವುದಕ್ಕಾಗಿ ವೈನಿಯನ್ನು ಒಂದಿಡೀ ಮುಂಜಾನೆ ಕೂರಿಸಿ ಅಳತೆ ತೆಗೆದುಕೊಂಡು ಹೋಗಿದ್ದರು. ಗೊಂಬೆ ಸಿದ್ಧವಾಯಿತು, ಊರವರೆಲ್ಲ ನೋಡಿ ಬಂದರು. ವೈನಿಗೆ ಮಾತ್ರ ಮನೆಯಲ್ಲಿ ಒಮ್ಮೆ ಯಾರದೋ ಮದುವೆ, ಒಮ್ಮೆ ಯಾರದೋ ಬಾಣಂತನ, ಒಮ್ಮೆ ಸುಗ್ಗಿ. ಬಿಡುವಾಗುವಷ್ಟರಲ್ಲಿ ಮೊಣಕಾಲು ಹೋಗಿತ್ತು. ನೋಡಿ ಬಂದವರಲ್ಲಿಯೂ ಒಮ್ಮತವಿರಲಿಲ್ಲ. ಅರ್ಧ ಜನ “ಥೇಟ್ ನೀನ ಕುಂತಂಗ ಐತಿ” ಎಂದರೆ, ಉಳಿದವರು “ನೀ ಎಲ್ಲಿ, ಅದ್ಯಾರೋ ಬ್ಯಾರೆ” ಎನ್ನುತ್ತಿದ್ದರು. ಅದು ತಾನೋ ಅಲ್ಲವೋ ಎಂಬುದನ್ನು ಕಣ್ಣಾರೆ ಕಂಡು ತೀರ್ಮಾನಿಸಬೇಕೆಂಬುದು ವೈನಿಯ ಆಸೆ. ಅವರದು ಒಂದೇ ನಿಬಂಧನೆ: ಗಾಲಿಕುರ್ಚಿ ಕೂಡದು. “ಪ್ಯಾಟ್ಯಾಗ ಮೆಣಸಿನಕಾಯಿ ಚೀಲಾ ತಳ್ಳಿಕೊಂಡು ಹೋಗತಾರ. ನಾ ಚೀಲ ಅಲ್ಲ. ಆಕಿ ಮುಂದ ನಾನ ಹೋಗಿ ನಿಲ್ಲಬೇಕು.” ಅಂದಿನಿಂದ ಆ ಮನೆಯಲ್ಲಿ ‘ಕುರ್ಚಿ’ ಎಂಬ ಶಬ್ದವನ್ನೇ ಯಾರೂ ಎತ್ತುತ್ತಿರಲಿಲ್ಲ, ಬಂದವರಿಗೆ ಕುರ್ಚಿ ಕೊಡುವಾಗಲೂ “ಇದರ ಮ್ಯಾಲೆ ಕುಂದ್ರಿ” ಎನ್ನುತ್ತಿದ್ದರು.

ದೊಡ್ಡ ದೊಡ್ಡ ವಿನೋದ ಉದ್ಯಾನಗಳಲ್ಲಿ ನಡೆಯಲಾಗದವರಿಗೆ ಬ್ಯಾಟರಿಯ ಸ್ಕೂಟರನ್ನು ಬಾಡಿಗೆಗೆ ಕೊಡುತ್ತಾರೆಂದು ನಾನು ಮೊಬೈಲಿನಲ್ಲಿ ನೋಡಿದ್ದೆ. ಅಂಥದು ನಮ್ಮ ಸೀಮೆಯಲ್ಲಿಯೂ ಸಿಗುವುದೇ ಎಂಬ ಕುತೂಹಲದಿಂದ ವಿಚಾರಿಸಿದಾಗ, ಹಾವೇರಿಯಲ್ಲಿ ರೋಗಿಗಳ ಮಂಚ, ಊರುಗೋಲು ಮುಂತಾದವನ್ನು ಬಾಡಿಗೆಗೆ ಕೊಡುವ ದಸ್ತಗೀರ್ ಎಂಬವರ ನಂಬರು ಸಿಕ್ಕಿತು. ನಾನು ಕನ್ನಡ ಕಲಿಸುವ ಕೆಲಸದಿಂದ ಸ್ವಯಂನಿವೃತ್ತಿ ಪಡೆದು ಮೂರು ವರ್ಷಗಳಾಗಿದ್ದರೂ, ಇರುವ ವಸ್ತುವಿಗೆ ಕನ್ನಡದಲ್ಲಿ ಒಂದು ಹೆಸರಿರಬೇಕೆಂಬ ಹಟವನ್ನು ಬಿಟ್ಟಿಲ್ಲ. ಹಾಗಾಗಿ ಯೋಚಿಸಿ, ಸಮಾಸ ಕೆಡದಂತೆ ಕೇಳಿದೆ: “ತಮ್ಮಲ್ಲಿ ಚಲನಸಹಾಯಕ ವಾಹನವು ಬಾಡಿಗೆಗೆ ದೊರೆಯುವುದೇ?”

ಆ ಕಡೆಯವರು ಹೇಳಿದರು: “ಚಲನ್ ಕೆಲಸ ನಾವು ಮಾಡಂಗಿಲ್ಲರಿ ಅಕ್ಕಾರ. ಚಲನ್ ಬಿದ್ದಿದ್ರ ಪೊಲೀಸ್ ಸ್ಟೇಶನ್ನಿಗೆ ಹೋಗಿ ತುಂಬ್ರಿ.”

“ಹಾಗಲ್ಲ. ನಡೆಯಲಾಗದವರು ಕುಳಿತು, ತಾವೇ ನಡೆಸಿಕೊಂಡು ಹೋಗುವಂಥದು.”

“ಅರೇ, ಬ್ಯಾಟರಿ ಸ್ಕೂಟರ್! ಹಂಗಂತ ಕನ್ನಡದಾಗ ಹೇಳಬಾರದೇನ್ರಿ?” ಎಂದರು ದಸ್ತಗೀರ್.

ದಿನಕ್ಕೆ ಎಂಟುನೂರು ರೂಪಾಯಿ ಬಾಡಿಗೆ. ಅವರದೇ ವ್ಯಾನು, ಅದಕ್ಕೆ ಡೀಸೆಲ್ಲಿನ ಖರ್ಚು ಬೇರೆ ಎಂದು ಗೊತ್ತಾಯಿತು.

ಬಸ್ಸು ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ದಾರಿಗೆ ತಿರುಗಿದ ಕೂಡಲೆ ಮೂಗಿಗೆ ಘಾಟು ತಟ್ಟಿತು. ಪೇಟೆಗೆ ಮೆಣಸಿನಕಾಯಿ ಬಂದು ಬೀಳುವ ಆವಕದ ದಿನವಾದ್ದರಿಂದ ರಸ್ತೆಯ ಉದ್ದಕ್ಕೂ ಚೀಲ ಹೇರಿದ ಲಾರಿಗಳು ನಿಂತಿದ್ದವು. ಮೊದಲು ಸೀನಿದವರು ಕಂಡಕ್ಟರು. ಅವರ ಹಿಂದೆಯೇ ಇಡೀ ಬಸ್ಸು ಸೀನಿತು. ಮನೆ ಮುಟ್ಟಿದಾಗ ವೈನಿ ಇಳಕಲ್ಲ ಸೀರೆ ಉಟ್ಟು, ಕಟ್ಟೆಯ ಮೇಲೆ ಕುಳಿತು ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದರು. “ಸೀನಿದ್ಯೇನು? ಹಂಗಾರ ಬ್ಯಾಡಗಿಗೆ ಬಂದೀ ಅಂತಾತು,” ಎಂದು ನಕ್ಕರು.

ದಸ್ತಗೀರ್ ಸಾಹೇಬರು ಸ್ವಲ್ಪ ಹೊತ್ತಿನಲ್ಲಿ ವ್ಯಾನು ತಂದರು. ಸ್ಥೂಲಕಾಯದ, ನಗುಮುಖದ ನಡುವಯಸ್ಕರು. ಹಿಂದಿನ ಬಾಗಿಲು ತೆರೆದು ಒಂದೊಂದೇ ಭಾಗವನ್ನು ಇಳಿಸಿದರು: ಮುಂದಿನ ಗಾಲಿಗಳ ಜೊತೆಗಿನ ಹಿಡಿಕೆ, ಹಿಂದಿನ ಗಾಲಿಗಳು, ಬ್ಯಾಟರಿಯ ಪೆಟ್ಟಿಗೆ, ಕೊನೆಗೆ ಕೈಯಾನಿಕೆಯಿದ್ದ ಆಸನ. ಖಟ್ ಖಟ್ ಎಂದು ಅವನ್ನು ಕೂಡಿಸಿದಾಗ ಕೆಂಪು ಬಣ್ಣದ, ನಾಲ್ಕು ಗಾಲಿಯ ಪುಟ್ಟ ಗಾಡಿಯೊಂದು ಅಂಗಳದಲ್ಲಿ ನಿಂತಿತು. ಇದನ್ನು ಯಾರು ಒಯ್ಯುತ್ತಾರೆ ಎಂದು ಕೇಳಿದೆ. “ಹೆಚ್ಚಾಗಿ ಮದುವಿ ಮಂಟಪಕ್ಕ ಹೋಗತೈತ್ರಿ. ಬೀಗರನ್ನ ಮಾತಾಡಸಾಕ ಅಜ್ಜಿಗೋಳು ಇದರ ಮ್ಯಾಲೆ ತಿರಗತಾರ. ಒಬ್ಬಾಕಿ ಅಂತೂ ಊಟದ ಪಂಕ್ತಿನ ಮೂರು ಸಲ ಸುತ್ತಿದಳು,” ಎಂದರು.

ಹಿಡಿಕೆಯ ಮೇಲೆ ತಿರುಗಿಸುವ ಗುಂಡಿಯೊಂದಿತ್ತು. ಅದರ ಒಂದು ಬದಿಗೆ ಆಮೆಯ ಚಿತ್ರ, ಇನ್ನೊಂದು ಬದಿಗೆ ಮೊಲದ ಚಿತ್ರ. ವೇಗವನ್ನು ಸೂಚಿಸಲು ಅಕ್ಷರವನ್ನೂ ಅಂಕಿಯನ್ನೂ ಬಳಸದೆ ಎರಡು ಪ್ರಾಣಿಗಳನ್ನು ಬಳಸಿದ್ದು ನನಗೆ ಹಿಡಿಸಿತು.

“ಆಯಿ, ಇವತ್ತ ಆಮಿ ಕಡೇನ ಇಡ್ರಿ,” ಎಂದರು ದಸ್ತಗೀರ್.

“ಮನ್ಯಾಗ ಆಮಿ ಆಗಿ ಕುಂತು ಸಾಕಾಗೇತಿ,” ಎಂದು ವೈನಿ ಗಾಡಿಯೇರಿ ಕುಳಿತು ಗುಂಡಿಯನ್ನು ಮೊಲದ ಕಡೆಗೆ ತಿರುಗಿಸಿದರು. ಗಾಡಿ ಹಾರಿ ತುಳಸಿಕಟ್ಟೆಗೆ ಒಂದು ಗೇಣಿನ ಅಂತರದಲ್ಲಿ ನಿಂತಿತು. ವೈನಿ ಆಮೆಗೆ ಮರಳಿದರು. ಎರಡು ಸುತ್ತು ಹಾಕಿದರು. ಹಿಂದಕ್ಕೆ ಬರುವಾಗ ಗಾಡಿ ಪೀಪಿ ಎಂದದ್ದಕ್ಕೆ ತಾವೇ ಬೆಚ್ಚಿ, ಆಮೇಲೆ ಅದನ್ನೇ ಮತ್ತೆ ಮಾಡಿದರು.

ಗಾಡಿಯನ್ನು ಬಿಚ್ಚಿ ವ್ಯಾನಿಗೇರಿಸಿ ಹೊರಟೆವು. ಹಾವೇರಿಯಲ್ಲಿ ಚಹಾ ಕುಡಿದು, ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡೆವು. ಅಲ್ಲಿಂದ ಹೆದ್ದಾರಿಯಲ್ಲಿ ಸುಮಾರು ಮೂವತ್ತು ಕಿಲೋಮೀಟರು. ಎರಡೂ ಬದಿಗೆ ಗೋವಿನಜೋಳ ಮುರಿದ ಹೊಲಗಳಿದ್ದವು. ಬಿಸಿಲು ಆಗಲೇ ಬಿಳಿಚಿತ್ತು. ದಾರಿಯುದ್ದಕ್ಕೂ ವೈನಿ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಬಗೆಯಲ್ಲಿ ಕೇಳಿದರು: “ಸುಮಿತ್ರಾ, ಮಳಿ ಬಿಸಲಿಗೆ ಮಾರಿ ಸವದಿರತೈತೇನು? ನಾನ ಆದ್ರೂ ಗುರುತು ಸಿಗಲಿಲ್ಲಂದ್ರ?”

ಉದ್ಯಾನದ ಬಾಗಿಲಿನಲ್ಲಿ ಟಿಕೀಟು ಕೊಂಡೆವು. ದಸ್ತಗೀರ್ ಗಾಡಿ ಕೂಡಿಸಿದರು. ವೈನಿ ಸೆರಗು ಸಿಕ್ಕಿಸಿಕೊಂಡು ಕುಳಿತರು. ಬಾಗಿಲ ಪಕ್ಕದ ಫಲಕದಲ್ಲಿ ‘ಒಳಗೆ ವಾಹನಗಳಿಗೆ ಪ್ರವೇಷವಿಲ್ಲ’ ಎಂದು ಬರೆದಿತ್ತು. ಶಕಾರದ ಸ್ಥಾನದಲ್ಲಿದ್ದ ಆ ಷಕಾರವನ್ನು ಕಂಡು ಕೈ ತುರಿಸಿದರೂ, ಕಾವಲುಗಾರನ ಸೌಜನ್ಯ ನಮಗೆ ಬೇಕಾಗಿದ್ದುದರಿಂದ ಸುಮ್ಮನಿದ್ದೆ. ದಪ್ಪ ಮೀಸೆಯ ಕಾವಲುಗಾರ ಸೀಟಿ ಊದಿ ಅಡ್ಡ ನಿಂತ.

“ಏನ್ರಿ ಇದು?”

ದಸ್ತಗೀರ್ ಬಾಯಿ ತೆರೆಯುವ ಮೊದಲೇ ನಾನು ಉತ್ತರಿಸಿದೆ: “ಇದು ಚಲನಸಹಾಯಕ ವಾಹನ.”

“ವಾಹನ ಅಂತ ನೀವ ಅಂದ್ರಿ. ಬೋರ್ಡ್ ಓದ್ರಿ.”

ಹೊತ್ತೊಯ್ಯುವುದೆಲ್ಲವೂ ವಾಹನವೇ, ಆ ಅರ್ಥದಲ್ಲಿ ಮಗುವನ್ನು ಎತ್ತಿಕೊಂಡ ತಾಯಿಯೂ ವಾಹನವೇ ಎಂದು ನಾನು ವಿವರಿಸತೊಡಗಿದೆ. ಆತ ಗಮನವಿಟ್ಟು ಕೇಳಿ ಹೇಳಿದ: “ತಾಯಿಗೆ ಗಾಲಿ ಇರಂಗಿಲ್ಲರಿ, ಬಿಡತೇವಿ. ಇದಕ್ಕ ಅದಾವು.”

ಕೆಟ್ಟ ಮನುಷ್ಯನಲ್ಲ. ವೈನಿಯ ಮೊಣಕಾಲಿನ ಕಡೆ ನೋಡಿ ದನಿ ಇಳಿಸಿ, “ಆಯಿಗೆ ನಡಿಯಾಕ ಆಗಂಗಿಲ್ಲಂದ್ರ ನಮ್ಮಲ್ಲೇ ಕುರ್ಚಿ ಐತ್ರಿ. ರೊಕ್ಕಾನೂ ಬ್ಯಾಡ. ನಮ್ಮವ್ವ ಅಂತ ತಿಳದು ನಾನ ತಳ್ಳಿಕೊಂಡು ಹೋಗತೇನಿ,” ಎಂದು ಗಾಲಿಕುರ್ಚಿಯನ್ನು ಹೊರಗೆ ತಂದು ನಿಲ್ಲಿಸಿದ.

ದಸ್ತಗೀರ್ ನನ್ನ ಮುಖ ನೋಡಿದರು. ವೈನಿ ಬಹಳ ಹೊತ್ತು ಆ ಗಾಲಿಕುರ್ಚಿಯನ್ನು ನೋಡಿದರು. ಇನ್ನೇನು, ‘ಮನೀಗೆ ಹೋಗೂಣು ನಡಿ’ ಎನ್ನುತ್ತಾರೆ ಎಂದುಕೊಂಡೆ.

“ತಮ್ಮಾ, ಅದಕ್ಕ ಏನಂತಾರ?” ಎಂದು ವೈನಿ ಕೇಳಿದರು.

“ಕುರ್ಚಿ ಅಂತಾರ್ರಿ.”

“ಎಷ್ಟು ಗಾಲಿ?”

“ಎರಡು ದೊಡ್ಡವು, ಎರಡು ಸಣ್ಣವು. ನಾಲ್ಕು.”

“ಇದಕ್ಕ?”

ಆತ ಬಗ್ಗಿ ನೋಡಿದ. “ನಾಲ್ಕು.”

“ಅದರಾಗ ಕುಂದರತಾರೋ, ನಿಂದರತಾರೋ?”

“ಕುಂದರತಾರ.”

“ನಾ ಈಗ ಏನ್ ಮಾಡಾಕತ್ತೇನಿ?”

“ಕುಂತೀರಿ.”

“ಅಂದಮ್ಯಾಲೆ ಇದೂ ಕುರ್ಚಿನ. ಅದಕ್ಕ ನೀ ಬೇಕು, ಇದಕ್ಕ ನೀ ಬ್ಯಾಡ. ಅಷ್ಟ ಫರಕು.”

ಕಾವಲುಗಾರ ಮೀಸೆಯೊಳಗೇ ನಕ್ಕು, ಬಾಗಿಲನ್ನು ಪೂರ್ತಿ ತೆರೆದ. ನನ್ನ ಕಡೆ ತಿರುಗಿ, “ಒಳಗ ಸಾಹೇಬ್ರು ಕೇಳಿದ್ರ ಕುರ್ಚಿ ಅಂತ ಹೇಳ್ರಿ. ನೀವು ಮಾತ್ರ ಮಾತಾಡಬ್ಯಾಡ್ರಿ ಅಕ್ಕಾರ,” ಎಂದ. ತಮ್ಮ ಮನೆಯಲ್ಲಿ ಯಾರೂ ಎತ್ತಬಾರದೆಂದಿದ್ದ ಶಬ್ದವನ್ನು ವೈನಿ ತಾವಾಗಿಯೇ, ಇಷ್ಟು ಜನರ ಎದುರಿಗೆ ಆಡಿದ್ದರು. ನಾನು ಅವರ ಮುಖ ನೋಡಲು ಹೋದೆ. ಅವರು ಆಗಲೇ ಮುಂದೆ ಸಾಗಿದ್ದರು.

ಒಳಗೆ ಹಳ್ಳಿಯೊಂದನ್ನು ಸಿಮೆಂಟಿನಲ್ಲಿ ಕಟ್ಟಿ ನಿಲ್ಲಿಸಿದ್ದಾರೆ: ಹಗ್ಗ ಹೊಸೆಯುವವರು, ಕುಲುಮೆ, ಕಟ್ಟೆಯ ಮೇಲಿನ ಹರಟೆ, ಹಾಲು ಹಿಂಡುವವಳು. ಎಲ್ಲರೂ ಆಳೆತ್ತರದವರೇ. ಒಂದು ತಿರುವಿನಲ್ಲಿ ರುಮಾಲಿನ ರೈತನೊಬ್ಬ ದಾರಿಯ ಅಂಚಿಗೆ ನಿಂತಿದ್ದ. ವೈನಿ ಹಾರ್ನು ಒತ್ತಿದರು. ಆತ ಸರಿಯಲಿಲ್ಲ. ಮತ್ತೆ ಒತ್ತಿ, “ಕಿವಿ ಕೇಳಂಗಿಲ್ಲೇನೋ ಯಪ್ಪಾ, ದಾರಿ ಬಿಡು,” ಎಂದರು.

“ಅಂವ ಬಿಡಂಗಿಲ್ಲರಿ ಆಯಿ, ಸಿಮೆಂಟಿನಂವ,” ಎಂದರು ದಸ್ತಗೀರ್. ವೈನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮೆಣಸಿನಕಾಯಿಯ ದೃಶ್ಯ ಒಂದು ಬೇವಿನ ಮರದ ಕೆಳಗಿತ್ತು. ಕೆಂಪು ಬಣ್ಣ ಬಳಿದ ಸಿಮೆಂಟಿನ ರಾಶಿಯ ಸುತ್ತಲೂ ಮೂವರು ಹೆಂಗಸರು. ಸುತ್ತ ಹಗ್ಗ ಕಟ್ಟಿತ್ತು. ವೈನಿ ಗುಂಡಿಯನ್ನು ಆಮೆಯ ಕೊನೆಗೆ ತಿರುಗಿಸಿ ಹತ್ತಿರ ಹೋದರು. ನಮಗೆ ಕೈಯಿಂದಲೇ ನಿಲ್ಲುವಂತೆ ಸನ್ನೆ ಮಾಡಿದರು.

ಮೂವರ ಮುಖವೂ ಒಂದೇ ಆಗಿತ್ತು. ವರ್ಷ ವರ್ಷ ಬಣ್ಣ ಬಳಿದು ಮೂಗು ದಪ್ಪವಾಗಿ, ಕಣ್ಣುಗಳು ಬೊಂಬೆಯ ಕಣ್ಣುಗಳಾಗಿದ್ದವು. ಮೂವರಲ್ಲಿ ಯಾರೂ ವೈನಿಯಲ್ಲ ಎಂದು ನನಗೆ ದೂರದಿಂದಲೇ ಅನ್ನಿಸಿತು. ಹೇಗೆ ಹೇಳುವುದು ಎಂದು ಶಬ್ದ ಹುಡುಕುತ್ತ ನಿಂತೆ. ವೈನಿ ಹಗ್ಗದ ಗುಂಟ ಒಂದು ಸುತ್ತು ಬಂದರು. ಇನ್ನೊಂದು ಸುತ್ತಿನ ನಡುವೆ, ನಡುವಿನವಳ ಎಡ ಮಗ್ಗುಲಿಗೆ, ಗಾಡಿ ಗಕ್ಕನೆ ನಿಂತಿತು.

“ಸುಮಿತ್ರಾ, ಇಲ್ಲಿ ಬಾ. ಕಾಲ ಬುಡಕ ನೋಡು.”

ಉಳಿದಿಬ್ಬರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ನಡುವಿನವಳು ಎಡ ಮೊಣಕಾಲನ್ನು ಮೇಲೆತ್ತಿ, ಅದರ ಮೇಲೆ ಗದ್ದ ಊರಿ, ಎಡ ಹಿಮ್ಮಡಿಯ ಕೆಳಗೆ ಮಡಿಚಿದ ಗೋಣಿಚೀಲ ಇಟ್ಟುಕೊಂಡಿದ್ದಳು. ಆ ಗೋಣಿಚೀಲವನ್ನು ನಾನು ಎಷ್ಟು ಸಲ ನೋಡಿರಲಿಲ್ಲ! ನೆಲದ ತಂಪು ತಾಗದಿರಲೆಂದು ವೈನಿ ಪ್ರತಿದಿನವೂ ಹಾಗೆಯೇ ಮಡಿಚಿ ಇಟ್ಟುಕೊಳ್ಳುತ್ತಿದ್ದರು. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಸಿಮೆಂಟಿನಲ್ಲಿ ಅದರ ನೇಯ್ಗೆಯ ಗೆರೆಗಳು ಕೂಡ ಉಳಿದಿದ್ದವು.

ವೈನಿ ಹಗ್ಗದ ಮೇಲಿಂದ ಕೈ ಚಾಚಿ ಆ ಎತ್ತಿದ ಮೊಣಕಾಲನ್ನು ಮುಟ್ಟಿದರು. ಆಮೇಲೆ ತಮ್ಮದನ್ನು ಮುಟ್ಟಿಕೊಂಡರು.

“ಮಾರಿ ನಂದಲ್ಲ,” ಎಂದರು. “ಕುಂತದ್ದು ನಂದ.”

ಬರಹದಲ್ಲಿ ಅದು ‘ಕುಳಿತದ್ದು’ ಆಗಬೇಕು. ಇಲ್ಲಿ ಅವರು ಆಡಿದಂತೆಯೇ ಬರೆದಿದ್ದೇನೆ.

ಬೇವಿನ ನೆರಳಿನಲ್ಲಿಯೇ ಬುತ್ತಿ ಬಿಚ್ಚಿದೆವು. ದಸ್ತಗೀರ್ ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡರು. ವೈನಿ ಆಸನದಿಂದ ಇಳಿಯದೆಯೇ ಉಂಡರು. ಉಣ್ಣುವಾಗಲೂ ಅವಳ ಕಡೆಯೇ ನೋಡುತ್ತಿದ್ದರು. “ಖರೇ ಹೇಳತೇನಿ, ಆಗ ನಾ ಚಂದ ಕುಂದರತಿದ್ದೆ,” ಎಂದು ಒಮ್ಮೆ ಅಂದರು.

ಬಿಸಿಲು ಇಳಿಯುವ ಮೊದಲು ಹೊರಟೆವು. ದಸ್ತಗೀರರಿಂದ ಗೊಂಬೆಯ ಕಥೆ ಕೇಳಿದ್ದ ಕಾವಲುಗಾರ ಬಾಗಿಲಲ್ಲಿ ಎದ್ದು ನಿಂತು ಕೇಳಿದ: “ನೋಡಿದ್ರೇನ್ರಿ ಆಯಿ? ನಿಮ್ಮ ಗೊಂಬಿ ಸಿಕ್ಕಳೋ?”

“ಸಿಕ್ಕಳು. ನಾ ಹೆಂಗ ಬಿಟ್ಟಿದ್ದೆ, ಹಂಗ ಕುಂತಾಳ. ಪಾಪ, ಆಕೀಗೆ ಏಳಾಕ ಬರಂಗಿಲ್ಲ,” ಎಂದರು ವೈನಿ. “ನಾ ಹೊಂಟೆ.”

ಹಾಗೆಂದು ಗುಂಡಿಯನ್ನು ಮೊಲದ ಕಡೆಗೆ ತಿರುಗಿಸಿದರು. ದಸ್ತಗೀರ್ “ಆಯಿ, ಹಳೂಕ!” ಎನ್ನುತ್ತ ಹಿಂದೆ ಓಡಿದರು. ನಾನು ಒಮ್ಮೆ ತಿರುಗಿ ಬೇವಿನ ಮರದ ಕಡೆ ನೋಡಿದೆ. ವೈನಿ ನೋಡಲಿಲ್ಲ, ಅವರು ವ್ಯಾನನ್ನೂ ದಾಟಿ ಹೋಗಿದ್ದರು.