ಗುಡವಿ ಕೆರೆಗೆ ಇಳಿಯುವವರು

ಶಿಕಾರಿಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಚನ್ನವೀರಪ್ಪನವರು ವಿಜ್ಞಾನ ಕಥೆಗಾರರು. ಅವರ ಅನ್ಯಗ್ರಹದವರು ಬೇರೆಲ್ಲೂ ಇಳಿಯುವುದಿಲ್ಲ. ಸೀದಾ ಗುಡವಿ ಕೆರೆಗೆ ಬಂದು, ಹಕ್ಕಿಗಳಿಗೆ ತೊಂದರೆಯಾಗದಂತೆ ಒಂದು ಮೂಲೆಯಲ್ಲಿ ಇಳಿಯುತ್ತಾರೆ. ಗಿರಾಕಿಗಳು "ಏನ್ರೀ, ನಿಮ್ಮೋರು ಬಂದ್ರಾ?" ಎಂದು ಕಿಚಾಯಿಸಿದರೆ, "ದಾರೀಲಿದಾರೆ, ನೀವು ವಾಷರ್ ತಗಳಿ" ಎನ್ನುತ್ತಾರೆ. ಈ ಅತಿಥಿಗಳಿಗೆ ಬಾಯಿಲ್ಲ, ಮಾತೆಲ್ಲ ಕೈಯಲ್ಲೇ. ಆದರೂ ಪ್ರತಿ ಕಥೆಯಲ್ಲೂ ಅವರಿಗೆ ಮೊದಲು ಬೆಲ್ಲ, ನೀರು! "ಬಾಯಿಲ್ದೋರು ಹೆಂಗ್ ತಿಂತಾರ್ರೀ?" ಎಂದರೆ, "ಮನೆಗೆ ಬಂದೋರನ್ನ ಹಂಗೇ ಕಳ್ಸಾಕಾಗುತ್ತೇನ್ರೀ?" ಎಂದು ನಮ್ಮನ್ನೇ ಗದರುತ್ತಾರೆ. ಆ ಕೈಭಾಷೆಯನ್ನು ಯಾರಾದರೂ ಹೊಗಳಿದರೆ ಮಾತ್ರ ನೆಲ ನೋಡುತ್ತಾರೆ; ವಿನಯ ಎಂದೇ ನಾವು ತಿಳಿದಿದ್ದೆವು. ಮೊನ್ನೆ ನಾನು ಅವರ ಮನೆಯಲ್ಲಿದ್ದಾಗ ಸೊರಬದಿಂದ ಶರಣ್ಯ ಎಂಬ ಓದುಗ ಹುಡುಗಿ ಬಂದು, "ಆ ಕೈಭಾಷೆ ನಿಮಗೆ ಎಲ್ಲಿಂದ ಹೊಳೀತು ಸರ್?" ಎಂದಳು. "ಬರೀ ಕಲ್ಪನೆ ಕಣಮ್ಮ" ಎಂದು ಅವರು ಆಕಾಶ ತೋರಿಸಿದರು. ಅಷ್ಟರಲ್ಲಿ ಒಳಬಾಗಿಲು ಸರಿಯಿತು. ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ, ಹೊರಗಿನವರು ಬಂದಾಗಲೆಲ್ಲ ಅವರು ಒಳಗೇ ಇರಿಸುತ್ತಿದ್ದ ತಂಗಿ ಗಿರಿಜಮ್ಮ, ಬೆಲ್ಲ ನೀರಿನ ತಟ್ಟೆ ತಂದು ಶರಣ್ಯಳ ಮುಂದಿಟ್ಟರು. ಆಮೇಲೆ ಎರಡು ಬೆರಳು ಹುಬ್ಬಿಗೆ ಮುಟ್ಟಿಸಿ, ಅಂಗೈ ಬಿಚ್ಚಿ ಅವಳತ್ತ ಚಾಚಿದರು. ಗುಡವಿಗೆ ಇಳಿದವರು ಪ್ರತಿ ಕಥೆಯಲ್ಲೂ ಕೇಳುವ ಮೊದಲ ಪ್ರಶ್ನೆ ಅದು: ನೀವು ಯಾರು? ಶರಣ್ಯ ಕಥೆಯಲ್ಲಿ ಓದಿದ್ದಂತೆಯೇ ಎದೆಯ ಮೇಲೆ ಕೈಯಿಟ್ಟು ಉತ್ತರ ಕೊಟ್ಟಳು. ಗಿರಿಜಮ್ಮನ ಮುಖ ಅರಳಿತು. ಚನ್ನವೀರಪ್ಪನವರು ತಟ್ಟೆಯಲ್ಲಿದ್ದ ಬೆಲ್ಲವನ್ನೇ ನೋಡುತ್ತ ಕುಳಿತರು.