ಡಾಕ್ಟರಮ್ಮ ನುಂಗಿಕೊಂಡ ಮಾತು

ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದ ಡಾಕ್ಟರಮ್ಮನಿಗೆ ಒಂದು ವಿಷಯ ಖಾತ್ರಿಯಾಗಿತ್ತು. ಅಲ್ಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಅಲ್ಲಿಗೆ ಬರಬೇಕಾದವರೇ ಅಲ್ಲ. ಬೆರಳು ಕೊಯ್ದುಕೊಂಡವರು, ಕಾಲು ಉಳುಕಿಸಿಕೊಂಡವರು, ಕಿವಿನೋವಿಗೆ ಚೀರುವ ಮಕ್ಕಳು, ಎಲ್ಲರೂ ಅಪಘಾತದ ಕೇಸುಗಳ ನಡುವೆ ಗೋಡೆಗೊರಗಿ ಅರ್ಧ ದಿನ ಕಳೆಯುತ್ತಿದ್ದರು. ಇವರಿಗಾಗಿಯೇ ಒಂದು ಕ್ಲಿನಿಕ್ ಬೇಕು, ಮುಂಚೆ ಹೇಳಿ ಕೇಳಿ ಬರಬೇಕಾಗಿಲ್ಲದ, ಸುಮ್ಮನೆ ಬಾಗಿಲು ತಳ್ಳಿಕೊಂಡು ಒಳಗೆ ಬರಬಹುದಾದ ಜಾಗ ಬೇಕು ಎಂದು ಅವರು ಯಾವಾಗಲೂ ಹೇಳುತ್ತಿದ್ದರು.

"ಹೇಳಿದ್ದು ಸಾಕು, ಮಾಡಿ ತೋರ್ಸಿ. ನಾನೂ ಬರ್ತೀನಿ," ಎಂದು ಒಂದು ದಿನ ಕೈಗವಸು ಕಳಚುತ್ತಾ ಹೇಳಿದವರು ದೊಡ್ಡ ಸಿಸ್ಟರ್.

ಆಳು ನೋಡಿದರೆ ಡಾಕ್ಟರಮ್ಮನ ಭುಜಕ್ಕೂ ಬರುತ್ತಿರಲಿಲ್ಲ. ಅವರನ್ನು ದೊಡ್ಡವರನ್ನಾಗಿಸಿದ್ದು ಸರ್ವೀಸು ಮತ್ತು ಗಂಟಲು. ಪಿಂಚಣಿಗೆ ಆರೇ ವರ್ಷ ಬಾಕಿಯಿತ್ತು. ಅದನ್ನು ಡಾಕ್ಟರಮ್ಮ ನೆನಪಿಸಿದರೆ, "ಜನರಿಗೆ ಕಾಯ್ರಿ, ಕಾಯ್ರಿ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ ಡಾಕ್ಟರೇ. ಪಿಂಚಣಿ ತಗೊಂಡು ನೀರು ಕುಡಿಯೋಕೆ ಆಗುತ್ತಾ?" ಎಂದು ನಕ್ಕುಬಿಟ್ಟರು.

ಮುಚ್ಚಿಹೋಗಿದ್ದ ಒಂದು ಚಪ್ಪಲಿ ಅಂಗಡಿ ಸಿಕ್ಕಿತು. ಗೋಡೆಯ ತುಂಬ ಇದ್ದ ಹಲಗೆಗಳಲ್ಲಿ ಬ್ಯಾಂಡೇಜು, ಹೊಲಿಗೆ ದಾರ, ಪ್ಲಾಸ್ಟರಿನ ಪೊಟ್ಟಣ ಕುಳಿತವು. ಮುಂದೆ ಉದ್ದದ ಎರಡು ಬೆಂಚು, ಒಳಗೆ ಡಾಕ್ಟರ ಕೋಣೆ, ಅದರ ಪಕ್ಕದಲ್ಲಿ ಗಾಯ ಕಟ್ಟುವ ಕೋಣೆ. ಎಷ್ಟು ಫಿನಾಯಿಲ್ ಸುರಿದರೂ ತೊಗಲಿನ ವಾಸನೆ ಹೋಗಲಿಲ್ಲ. ಮೊದಲ ವಾರ ಬಂದ ಆರು ಜನರಲ್ಲಿ ಇಬ್ಬರು ಕೇಳಿದ್ದು ಎಂಟನೇ ನಂಬರಿನ ಚಪ್ಪಲಿ. ದೊಡ್ಡ ಸಿಸ್ಟರ್ ಅವರಲ್ಲೊಬ್ಬನನ್ನು ಕೂರಿಸಿ ಬಿಪಿ ನೋಡಿಯೇ ಬಿಟ್ಟರು. ನೂರಾ ತೊಂಬತ್ತಿತ್ತು. ಆತ ಮುಂದೆ ಕ್ಲಿನಿಕ್ಕಿನ ಕಾಯಂ ಗಿರಾಕಿಯಾದ. ಊರೆಲ್ಲ ಆ ಕಥೆ ಹೇಳಿಕೊಂಡು ತಿರುಗಿ ಇನ್ನೂ ಹತ್ತು ಜನರನ್ನು ಕರೆತಂದ.

ಎರಡನೇ ವರ್ಷಕ್ಕೆ ಬೆಂಚಿನಲ್ಲಿ ಜಾಗ ಸಾಲದಾಯಿತು. ಡಾಕ್ಟರಮ್ಮನ ಕೈಗುಣ ಒಳ್ಳೆಯದು ಎಂದು ಜನ ಹೇಳುತ್ತಿದ್ದರು. ಆದರೆ ಕ್ಲಿನಿಕ್ ನಡೆಯುತ್ತಿದ್ದದ್ದು ದೊಡ್ಡ ಸಿಸ್ಟರ ಕಣ್ಣಿನಿಂದ. ಹತ್ತು ನಿಮಿಷಕ್ಕೊಮ್ಮೆ ಅವರು ಬೆಂಚಿನ ಮುಂದೆ ಹಾದುಹೋಗುವರು. ಒಬ್ಬರ ಹಣೆ ಮುಟ್ಟುವರು, ಇನ್ನೊಬ್ಬರ ಉಗುರು ನೋಡುವರು, ಮತ್ತೊಬ್ಬರನ್ನು "ಊಟ ಆಯ್ತಾ?" ಎಂದು ಕೇಳಿ ಉತ್ತರಕ್ಕಿಂತ ಹೆಚ್ಚಾಗಿ ಉಸಿರು ಕೇಳಿಸಿಕೊಳ್ಳುವರು. ಆಮೇಲೆ ಯಾರನ್ನಾದರೂ ತೋಳು ಹಿಡಿದು ಎಬ್ಬಿಸಿ ಸೀದಾ ಒಳಗೆ ತರುವರು. ಅವರು ಹಾಗೆ ತಂದವರಲ್ಲಿ ಸುಮ್ಮನೆ ತಂದವರೆಂದು ಡಾಕ್ಟರಮ್ಮನಿಗೆ ಅನ್ನಿಸಿದ್ದು ಬಹಳ ಕಡಿಮೆ.

ಆದರೆ ಸರದಿ ತಪ್ಪಿದವರ ಸಿಟ್ಟು ಸಣ್ಣದಾಗಿರಲಿಲ್ಲ. ಒಬ್ಬ ವಕೀಲರು ಒಂದು ಮಧ್ಯಾಹ್ನ ಬೆಂಚು ಬಡಿದು ಕೂಗಾಡಿದರು. ಆ ಹೊತ್ತಿಗೆ ಡಾಕ್ಟರಮ್ಮನ ತಮ್ಮ ಕ್ಲಿನಿಕ್ಕಿನ ಮೇಲ್ವಿಚಾರಣೆಗೆಂದು ಬಂದು ಸೇರಿದ್ದ. ಅಚ್ಚುಕಟ್ಟಿನ ಮನುಷ್ಯ, ಪೆನ್ನು ಸೊಟ್ಟಗಿದ್ದರೂ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

"ಅಕ್ಕಾ, ಇದೇನು ಕ್ಲಿನಿಕ್ಕೋ ಸಿಸ್ಟರ್ ಮನೆ ಜಗಲಿಯೋ? ಟೋಕನ್ ಇಡೋಣ. ನಂಬರ್ ಬಂದೋರು ಒಳಗೆ. ಯಾರ ಮುಲಾಜೂ ಬೇಡ."

ಡಾಕ್ಟರಮ್ಮ ಒಪ್ಪಿದರು. ದಿನವೂ ಜಗಳ ಬಿಡಿಸಿ ಅವರಿಗೂ ಸಾಕಾಗಿತ್ತು. ಟೋಕನ್ ಯಂತ್ರ ಬಂತು, ಗೋಡೆಯ ಮೇಲೆ ಕೆಂಪು ಅಂಕಿಗಳು ಉರಿದವು. "ಇನ್ಮೇಲೆ ನೀವು ಗಾಯದ ಕೋಣೆ ಒಂದನ್ನ ನೋಡ್ಕೊಳ್ಳಿ ಸಿಸ್ಟರ್, ಅಲ್ಲಿ ಕೆಲಸ ಜಾಸ್ತಿಯಾಗಿದೆ," ಎಂದರು. ದೊಡ್ಡ ಸಿಸ್ಟರ್ "ಸರಿ" ಎಂದಷ್ಟೇ ಹೇಳಿದರು. ಅಷ್ಟು ಚಿಕ್ಕ ಉತ್ತರ ಅವರ ಬಾಯಿಂದ ಅದುವರೆಗೆ ಬಂದಿರಲಿಲ್ಲ.

ಐದು ತಿಂಗಳ ನಂತರ, ಒಂದು ಸೋಮವಾರ ಬೆಳಿಗ್ಗೆ, ಪಕ್ಕದ ಬೀದಿಯ ಟೈಲರ್ ಬಂದ. ಐವತ್ತು ದಾಟಿದ, ಯಾರ ತಂಟೆಗೂ ಹೋಗದ ಮನುಷ್ಯ. ಕತ್ತರಿ ಹಿಡಿದೂ ಹಿಡಿದೂ ಭುಜ ಹಿಡಿದುಕೊಂಡಿದೆ ಎಂದು ಹೇಳಿ ನಲವತ್ತಮೂರನೇ ಟೋಕನ್ ತೆಗೆದುಕೊಂಡು ಕುಳಿತ. ಗೋಡೆಯ ಮೇಲೆ ಇಪ್ಪತ್ತೊಂಬತ್ತು ಎಂದಿತ್ತು.

ಹತ್ತಿ ತರಲು ಹೊರಗೆ ಬಂದ ದೊಡ್ಡ ಸಿಸ್ಟರ್ ಅವನನ್ನು ನೋಡಿದರು. ಹತ್ತಿ ಅಲ್ಲೇ ಬಿಟ್ಟು ಡಾಕ್ಟರ ಕೋಣೆಯ ಬಾಗಿಲಿಗೆ ಬಂದರು. ಒಳಗೆ ಡಾಕ್ಟರಮ್ಮ ಒಂದು ಮಗುವಿನ ಹುಬ್ಬಿಗೆ ಹೊಲಿಗೆ ಹಾಕುತ್ತಿದ್ದರು.

"ಡಾಕ್ಟರೇ, ಆ ಟೈಲರ್ ಮುಖ ನನಗೆ ಸರಿ ಕಾಣ್ತಿಲ್ಲ. ಬೆವರ್ತಿದಾನೆ. ಒಂದು ಇಸಿಜಿ ಮಾಡ್ಬಿಡ್ಲಾ?"

ಡಾಕ್ಟರಮ್ಮ ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ಇಲ್ಲಿ ಕೂತೋರಲ್ಲಿ ಯಾರ ಮುಖ ಸರಿ ಇರುತ್ತೆ ಸಿಸ್ಟರ್? ಸೆಕೆ ಬೇರೆ. ಮತ್ತೆ ಜಗಳ ಎಬ್ಬಿಸ್ಬೇಡಿ. ನಂಬರ್ ಬಂದಾಗ ನೋಡ್ತೀನಿ."

"ಒಂದೇ ನಿಮಿಷ..."

"ಸಿಸ್ಟರ್, ನಿಮ್ಮ ಕೋಣೆಗೆ ಹೋಗಿ."

ದೊಡ್ಡ ಸಿಸ್ಟರ್ ಹೋದರು. ಗೋಡೆಯ ಮೇಲೆ ಮೂವತ್ತಾರು ಬಂದಾಗ ಟೈಲರ್ ಬೆಂಚಿನಿಂದ ಪಕ್ಕಕ್ಕೆ ವಾಲಿದ. ಡಾಕ್ಟರಮ್ಮ, ದೊಡ್ಡ ಸಿಸ್ಟರ್ ಇಬ್ಬರೂ ನೆಲದ ಮೇಲೆ ಮಂಡಿಯೂರಿ, ಒಬ್ಬರಾದ ಮೇಲೊಬ್ಬರು ಎದೆ ಒತ್ತಿದರು. ಆಂಬುಲೆನ್ಸ್ ಬರುವವರೆಗೆ ಒತ್ತುತ್ತಲೇ ಇದ್ದರು. ಆತ ದೊಡ್ಡಾಸ್ಪತ್ರೆ ಮುಟ್ಟಲಿಲ್ಲ.

ಮೂರನೆಯ ದಿನ ಟೈಲರನ ಮಗಳು ಬಂದಳು. ಅವಳು ಕೂಗಾಡಲಿಲ್ಲ. ಮೇಜಿನ ಎದುರಿಗೆ ನಿಂತು ಕೇಳಿದಳು: "ಅಪ್ಪ ಮುಕ್ಕಾಲು ಗಂಟೆ ಇಲ್ಲಿ ಕೂತಿದ್ರಂತೆ. ಯಾರೂ ಒಂದ್ಸಲ ನೋಡ್ಲಿಲ್ವಾ?"

ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ತಮ್ಮ ಹೇಳಿಬಿಟ್ಟ: "ಬೆಂಚ್ ಮೇಲಿರೋರನ್ನ ನೋಡ್ಕೊಳ್ಳೋದು ಸಿಸ್ಟರ್ ಕೆಲಸಮ್ಮಾ. ಡಾಕ್ಟರು ಒಳಗಿದ್ರು, ಅವ್ರಿಗೆ ಹೇಗೆ ಗೊತ್ತಾಗ್ಬೇಕು?"

ಗಾಯದ ಕೋಣೆಯ ಬಾಗಿಲಲ್ಲಿ ದೊಡ್ಡ ಸಿಸ್ಟರ್ ನಿಂತಿದ್ದರು. ಅವರು ಮಗಳತ್ತ ನೋಡಲಿಲ್ಲ, ತಮ್ಮನತ್ತಲೂ ನೋಡಲಿಲ್ಲ. ಡಾಕ್ಟರಮ್ಮನ ಮುಖವನ್ನೇ ನೋಡಿದರು. ಡಾಕ್ಟರಮ್ಮ ಕಣ್ಣು ತಗ್ಗಿಸಿ ನೆಲ ನೋಡಿದರು. ಈಗ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಳ್ಳುತ್ತಿರುವಾಗಲೇ ಮಗಳು ದೊಡ್ಡ ಸಿಸ್ಟರ ಕಡೆ ತಿರುಗಿ, "ನಿಮಗೆ ಒಳ್ಳೇದಾಗಲ್ಲ," ಎಂದು ಹೇಳಿ ಹೊರಟುಹೋದಳು.

ಮರುದಿನದಿಂದ ದೊಡ್ಡ ಸಿಸ್ಟರ್ ಬರಲಿಲ್ಲ. ರಾಜೀನಾಮೆ ಪತ್ರವನ್ನೂ ಕಳಿಸಲಿಲ್ಲ. ನಾಳೆ ಹೋಗಿ ಕರೆದು ತರೋಣ ಎಂದು ಡಾಕ್ಟರಮ್ಮ ಅಂದುಕೊಂಡರು. ಈ ವಾರ ಬೇಡ, ಸ್ವಲ್ಪ ತಣ್ಣಗಾಗಲಿ ಎಂದುಕೊಂಡರು. ಹೀಗೆಯೇ ಏಳು ವರ್ಷ ಕಳೆಯಿತು. ಕ್ಲಿನಿಕ್ ಬೆಳೆಯಿತು, ಪಕ್ಕದ ಮಳಿಗೆಯೂ ಸೇರಿತು, ಇನ್ನೂ ಇಬ್ಬರು ಡಾಕ್ಟರು ಬಂದರು. ಎದೆನೋವು, ಭುಜನೋವು ಎಂದವರಿಗೆ ಬಂದ ಕೂಡಲೇ ಇಸಿಜಿ ಎಂಬ ನಿಯಮವನ್ನು ಡಾಕ್ಟರಮ್ಮನೇ ಬರೆದು ಗೋಡೆಗೆ ಅಂಟಿಸಿದ್ದರು. ಅದನ್ನು ನೋಡಿ ಎಲ್ಲರೂ ಮೆಚ್ಚುತ್ತಿದ್ದರು. ಯಾರಾದರೂ ಮೆಚ್ಚಿದಾಗಲೆಲ್ಲ ಅವರು ಮುಂದಿನ ರೋಗಿಯನ್ನು ಕರೆಯುತ್ತಿದ್ದರು.

ಏಳನೆಯ ವರ್ಷ ಟೈಲರನ ಮಗಳು ಜ್ವರದ ಕೂಸನ್ನು ಎತ್ತಿಕೊಂಡು ಬಂದಳು. ಡಾಕ್ಟರಮ್ಮ ಕೂಸಿನ ಗಂಟಲು ನೋಡುತ್ತಿದ್ದಾಗ ಅವಳೇ ಮಾತು ತೆಗೆದಳು.

"ಆ ಸಿಸ್ಟರ್ ನಮ್ಮ ಬೀದೀಲೇ ಮನೆ ಮಾಡಿರೋದು. ಏಳು ವರ್ಷದಿಂದ ಎದುರಿಗೆ ಸಿಕ್ರೆ ಮುಖ ತಿರುಗಿಸ್ಕೊಂಡು ಹೋಗ್ತೀನಿ. ನಮ್ಮ ಬೀದಿಯೋರೂ ಅಷ್ಟೇ, ಯಾರೂ ಇಂಜೆಕ್ಷನ್‌ಗೂ ಅವ್ರನ್ನ ಕರೆಯಲ್ಲ."

ಡಾಕ್ಟರಮ್ಮ ಟಾರ್ಚನ್ನು ಕೆಳಗಿಟ್ಟರು.

"ಅವರು ನೋಡಿದ್ರಮ್ಮಾ. ನಿಮ್ಮ ತಂದೇನ ಅವರು ನೋಡಿ, ಬಂದು ನನಗೆ ಹೇಳಿದ್ರು. ಇಸಿಜಿ ಮಾಡ್ಲಾ ಅಂತ ಕೇಳಿದ್ರು. ಬೇಡ ಅಂದೋಳು ನಾನು."

ಮಗಳು ಕೂಸನ್ನು ಎದೆಗವಚಿಕೊಂಡಳು. ಕೂಸು ಅವಳ ಬಳೆ ಎಳೆಯುತ್ತಿತ್ತು. ಕೊನೆಗೆ, "ಔಷಧಿ ಬರೀರಿ," ಎಂದಳು. ಚೀಟಿ ತೆಗೆದುಕೊಂಡು ತಿರುಗಿ ನೋಡದೆ ಹೋದಳು.

ಆ ಭಾನುವಾರ ಡಾಕ್ಟರಮ್ಮ ದೊಡ್ಡ ಸಿಸ್ಟರ ಮನೆ ಹುಡುಕಿಕೊಂಡು ಹೋದರು. ಒಂದೇ ಕೋಣೆ, ಕಿಟಕಿಯಲ್ಲಿ ಒಗೆದು ಹಾಕಿದ ಬಿಳಿ ಸೀರೆ. ದೊಡ್ಡ ಸಿಸ್ಟರ್ ಕುರ್ಚಿ ಒರೆಸಿ ಕೂರಿಸಿದರು, ನೀರು ಕೊಟ್ಟರು.

"ಆ ಹುಡುಗಿ ಬಂದಿದ್ಲು," ಎಂದರು. "ಕಾಲು ಹಿಡ್ಕೊಂಡು ಅತ್ತುಬಿಟ್ಲು, ಪಾಪ. ನಾನೂ ಅತ್ತೆ."

"ಸಿಸ್ಟರ್, ನಾನು ಅವತ್ತು..."

"ಅವತ್ತು ಹೇಳ್ಬೇಕಿತ್ತು ಡಾಕ್ಟರೇ." ದನಿಯಲ್ಲಿ ಸಿಟ್ಟಿರಲಿಲ್ಲ. "ತಪ್ಪು ಯಾರಿಂದ ಆಗಲ್ಲ? ನನ್ನಿಂದ್ಲೂ ಆಗಿದೆ. ನೀವು ಬೇಡ ಅಂದಿದ್ದಕ್ಕೆ ನನಗೆ ಬೇಜಾರಿಲ್ಲ. ನಾನು ನಿಮ್ಮ ಮುಖ ನೋಡ್ತಾ ನಿಂತಿದ್ನಲ್ಲ, ಆವಾಗ ನೀವು ನೆಲ ನೋಡಿದ್ರಿ."

ಮರಳಿ ಬನ್ನಿ, ಸುಮ್ಮನೆ ಬಂದು ಕುಳಿತರೂ ಸಾಕು ಎಂದು ಡಾಕ್ಟರಮ್ಮ ಕೇಳಿದರು. ಕೇಳುವಾಗ ಕಣ್ಣು ತುಂಬಿ ಬಂತು. ದೊಡ್ಡ ಸಿಸ್ಟರ್ ಅವರ ಕೈಯನ್ನು ಒಮ್ಮೆ ತಟ್ಟಿ, "ನೀರು ಕುಡೀರಿ," ಎಂದರು, ಅಷ್ಟೇ.

ಈಗ ಆ ಬೀದಿಯ ಜನ ಜ್ವರಕ್ಕೂ ಗಾಯಕ್ಕೂ ಮೊದಲು ದೊಡ್ಡ ಸಿಸ್ಟರ ಬಾಗಿಲು ಬಡಿಯುತ್ತಾರೆ. ತಮ್ಮ ಕೈಲಾಗದ್ದನ್ನು ಅವರು ಡಾಕ್ಟರಮ್ಮನ ಕ್ಲಿನಿಕ್ಕಿಗೇ ಕಳಿಸುತ್ತಾರೆ. "ದೊಡ್ಡ ಸಿಸ್ಟರ್ ಕಳಿಸಿದ್ರು" ಎಂದು ಬಂದವರನ್ನು ಡಾಕ್ಟರಮ್ಮ ಎದ್ದು ನಿಂತು ಒಳಗೆ ಕರೆಯುತ್ತಾರೆ. ಆದರೆ ಕಳೆದ ವರ್ಷ ಮೆಟ್ಟಿಲು ಜಾರಿ ತಮ್ಮದೇ ಮಣಿಕಟ್ಟು ಮುರಿದಾಗ ದೊಡ್ಡ ಸಿಸ್ಟರ್ ಕ್ಲಿನಿಕ್ಕಿನ ಮುಂದೆಯೇ ಹಾದು ಹೋಗುವ ಬಸ್ಸು ಹತ್ತಿ, ಊರಾಚೆಯ ಬೇರೊಬ್ಬ ಡಾಕ್ಟರ ಹತ್ತಿರ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಡಾಕ್ಟರಮ್ಮನಿಗೆ ಅದು ಗೊತ್ತಾದದ್ದು ಆರು ವಾರದ ನಂತರ, ಕೆಮ್ಮಿಗೆ ಔಷಧಿ ಕೇಳಲು ಬಂದ ತರಕಾರಿಯವಳ ಬಾಯಿಂದ.