ಎದ್ದು ನಿಂತ ತೆಂಗಿನಕಾಯಿ

ಕೆಲವು ವಿವರ ತಪ್ಪಿರಬಹುದು. ವಾಪಸ್ ಬರುವ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಹೆಸರಘಟ್ಟದ ದಾರಿಯಲ್ಲಿ ಚಿಕ್ಕಪ್ಪನ ಜೊತೆ ಅಟ್ಟೂರಿನಲ್ಲಿ ಇಳಿದೆ. ಅಲ್ಲಿನ ಒಂದು ಅಪಾರ್ಟ್‌ಮೆಂಟಿಗೆ ಅವರು ಬೋರ್‌ವೆಲ್ ಕೊರೆಯುವ ಜಾಗ ತೋರಿಸಬೇಕಿತ್ತು. ಅಂಗೈಯಲ್ಲಿ ಮಲಗಿಸಿದ ತೆಂಗಿನಕಾಯಿ ನೀರಿರುವಲ್ಲಿ ತಾನಾಗಿ ಎದ್ದು ನಿಲ್ಲುತ್ತದೆ ಎಂಬುದು ಅವರ ಜೀವಮಾನದ ನಂಬಿಕೆ.

ಅವರೇ ಹಿಂದೆ ತೋರಿಸಿದ ಮೂರು ಬೋರ್‌ವೆಲ್‌ಗಳೂ ಅಲ್ಲಿ ಬತ್ತಿದ್ದವು. ಕಾರು ನಿಲ್ಲಿಸುವ ಜಾಗವನ್ನೆಲ್ಲ ಚಿಕ್ಕಪ್ಪ ಎರಡು ಸುತ್ತು ನಡೆದರು. ಕಾಯಿ ಅಲುಗಲಿಲ್ಲ.

"ಒಂದ್ ಪಾಯಿಂಟ್ ಕೊಡಿ ತಾತ, ನಾಳೆ ಬೋರ್ ಲಾರಿ ಬರುತ್ತೆ. ಇಲ್ದಿದ್ರೆ ಇಲ್ಲಿನವ್ರು ನನ್ನನ್ನೇ ಕೊರೀತಾರೆ," ಎಂದ ಅಪಾರ್ಟ್‌ಮೆಂಟಿನ ಮ್ಯಾನೇಜರ್.

ಚಿಕ್ಕಪ್ಪ ನಗಲಿಲ್ಲ. ಮಕ್ಕಳ ಜಾರುಬಂಡೆಯ ಪಕ್ಕ ಹೋಗಿ ನಿಂತರು. ಕಾಯಿ ಎದ್ದಿತು.

"ಇಲ್ಲೈತೆ ನೋಡಪ್ಪ."

ಮ್ಯಾನೇಜರ್ ಕೈಮುಗಿದ. ಕಾಯಿಯ ಕೆಳಗೆ ಚಿಕ್ಕಪ್ಪನ ಹೆಬ್ಬೆರಳು ಮಡಿಚಿ ಅದನ್ನು ಎತ್ತಿದ್ದನ್ನು ನಾನು ಕಂಡೆ, ಅಥವಾ ಕಂಡೆ ಎಂದುಕೊಂಡೆ.

ಈಗ ಕಾಯಿ ಅವರ ತೊಡೆಯ ಮೇಲಿದೆ. ಬಸ್ಸು ಹತ್ತಿದ ಕೂಡಲೇ ನಾನು ಕೇಳಿದ್ದು ಒಂದೇ ಪ್ರಶ್ನೆ. ನಾಲ್ಕು ನಿಲ್ದಾಣ ದಾಟಿದರೂ ಅವರು ಕಿಟಕಿಯಾಚೆಗೇ ನೋಡುತ್ತಿದ್ದಾರೆ.

"ಚಿಕ್ಕಪ್ಪ, ಕಾಯಿ ಕೊನೇ ಸಲ ತಾನಾಗೇ ಎದ್ದಿದ್ದು ಯಾವಾಗ?"